ಎಡೆದೊರೆಯ ಕೋವಿ: ನಳಿಗೆಯೊಳಗಿನ ಅರ್ಧ ಸುತ್ತು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವೆ ಹರಡಿಕೊಂಡ ನೆಲವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಹೆಸರಿಸಿದವು. ಮಸ್ಕಿಯ ಬಂಡೆಯ ಮೇಲೆ ದೇವಾನಾಂಪ್ರಿಯನು ತನ್ನ ಅಶೋಕನೆಂಬ ನಾಮಧೇಯವನ್ನೇ ಕೊರೆಯಿಸಿ ಹೋದದ್ದು ಈ ನೆಲದಲ್ಲಿ. ಸಿಂಧನೂರಿನ ಸೀಮೆ ಮುಗಿದು ತುಂಗಭದ್ರೆಯ ನೀರು ಕಾಣುವ ದಢೇಸುಗೂರಿನ ದಡದಿಂದ ಲಿಂಗಸುಗೂರಿನಾಚೆಯ ಕೃಷ್ಣೆಯ ಮಡುವುಗಳವರೆಗೆ ಯಾವ ರಾಜವಂಶ ತಾನೆ ಇಲ್ಲಿ ತನ್ನ ಅಶ್ವಗಳಿಗೆ ನೀರು ಕುಡಿಸಲಿಲ್ಲ? ಚಾಲುಕ್ಯ, ರಾಷ್ಟ್ರಕೂಟ, ಚೋಳ, ಯಾದವ, ಬಹಮನಿ, ವಿಜಯನಗರ, ಆದಿಲಶಾಹಿ, ಮೊಗಲ, ಆಸಫಜಾಹಿ ಎಂದು ಎಣಿಸುತ್ತಾ ಹೋದರೆ ದಕ್ಷಿಣಾಪಥದ ಅರ್ಧ ಇತಿಹಾಸವೇ ಮುಗಿಯುತ್ತದೆ. ಆ ವಂಶಾವಳಿಗಳನ್ನು ಓದುಗರು ಬಲ್ಲರು. ಕಲ್ಲಿನ ಮೇಲಿನ ಗೆರೆಗಳನ್ನು ಓದಿದ ಪಂಡಿತರೂ ನಮ್ಮಲ್ಲಿ ಅನೇಕರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಕಬ್ಬಿಣದ ನಳಿಗೆಯ ಒಳಮೈಯಲ್ಲಿ, ಹೊರಗಿನ ಕಣ್ಣಿಗೆ ಬೀಳದಂತೆ ಕೊರೆದ ಗೆರೆಗಳ ವೃತ್ತಾಂತವನ್ನು. ಆ ಗೆರೆ ನೇರವಿದ್ದರೆ ಒಂದು ಗತಿ, ಸುರುಳಿಯಾಗಿದ್ದರೆ ಇನ್ನೊಂದು ಗತಿ. ಎಷ್ಟು ಅಂಗುಲಕ್ಕೆ ಒಂದು ಸುತ್ತು ಎಂಬ ಅಲ್ಪ ಲೆಕ್ಕವು ಸಿಂಹಾಸನಗಳ ಆಯುಷ್ಯವನ್ನು ಮುಟ್ಟಿದ ಕಾಲವೊಂದಿತ್ತು.

ಬಹಮನಿ ಸುಲ್ತಾನರೂ ಅವರ ಬಳಿಕ ಬಂದ ಬಿಜಾಪುರದ ಆದಿಲಶಾಹರೂ ಒಂದು ಕಡೆ, ವಿಜಯನಗರದ ರಾಯರು ಇನ್ನೊಂದು ಕಡೆ ನಿಂತು ಎರಡು ಶತಮಾನಗಳ ಕಾಲ ಮುದಗಲ್ಲು ಮತ್ತು ರಾಯಚೂರು ಕೋಟೆಗಳನ್ನು ಪರಸ್ಪರ ಕಿತ್ತುಕೊಂಡರು. ಆ ಕಲಹದ ಮಹಾಪರ್ವ 1520ರಲ್ಲಿ ನಡೆಯಿತು. ಶ್ರೀಕೃಷ್ಣದೇವರಾಯನು ಚತುರಂಗ ಬಲದೊಡನೆ ತುಂಗಭದ್ರೆಯನ್ನು ದಾಟಿ ಬಂದು ರಾಯಚೂರನ್ನು ಮುತ್ತಿದನು. ಇಸ್ಮಾಯಿಲ್ ಆದಿಲಶಾಹನು ಕೋಟೆಯನ್ನು ಉಳಿಸಿಕೊಳ್ಳಲು ಕೃಷ್ಣೆಯನ್ನು ದಾಟಿ ಇಳಿದನು. ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟ ವೃತ್ತಾಂತವು ಈ ಕದನವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಬಿಜಾಪುರದ ತೋಪುಗಳೆಲ್ಲ ಒಮ್ಮೆಲೇ ಗರ್ಜಿಸಿದಾಗ ರಾಯನ ಮುಂಚೂಣಿ ಚದುರಿತು, ಸೋಲು ಸಮೀಪಿಸಿತು. ಆದರೆ ಒಮ್ಮೆ ಹಾರಿದ ತೋಪು ಮತ್ತೆ ಮದ್ದು ಉಣ್ಣಲು ಹೊತ್ತು ಬೇಕು. ಆ ಹೊತ್ತಿನೊಳಗೆ ರಾಯನು ತಾನೇ ಅಶ್ವಾರೂಢನಾಗಿ ಮುನ್ನುಗ್ಗಿದನು. ಸಂಜೆಯ ಹೊತ್ತಿಗೆ ಆದಿಲಶಾಹನು ಆನೆಯ ಮೇಲೆ ನದಿ ದಾಟಿ ಓಡಿದ್ದನು, ಅವನ ತೋಪುಗಳು ರಾಯನ ವಶವಾಗಿದ್ದವು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಆಯುಧದ ಮೊದಲ ದೌರ್ಬಲ್ಯವನ್ನು, ಅಂದರೆ ಎರಡು ಈಡುಗಳ ನಡುವಿನ ಮೌನವನ್ನು, ಇಷ್ಟು ನಿಖರವಾಗಿ ಗ್ರಹಿಸಿದ ಸೇನಾನಿ ಆ ಕಾಲದ ದಖ್ಖನ್ನಿನಲ್ಲಿ ಇನ್ನೊಬ್ಬನಿದ್ದನೆಂದು ನನಗೆ ತೋರುವುದಿಲ್ಲ.

ಕ್ಷೇತ್ರ ಗೆದ್ದರೂ ಕೋಟೆ ಬಗ್ಗಲಿಲ್ಲ. ಆಗ ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಕೋವಿಧಾರಿಗಳೊಡನೆ ರಾಯನ ಪಾಳೆಯಕ್ಕೆ ಬಂದನು. ಅದುವರೆಗೆ ಕೋಟೆಯ ತೆನೆಗಳ ಮೇಲೆ ನಿರ್ಭಯವಾಗಿ ನಿಂತು ಕಲ್ಲು, ಬಾಣಗಳನ್ನು ಸುರಿಸುತ್ತಿದ್ದ ಕಾವಲುಗಾರರನ್ನು ಈ ಇಪ್ಪತ್ತು ನಳಿಗೆಗಳು ಒಬ್ಬೊಬ್ಬರನ್ನಾಗಿ ಉರುಳಿಸಿದವು. ತಲೆ ಎತ್ತುವವರು ಇಲ್ಲವಾದ ಮೇಲೆ ರಾಯನ ಆಳುಗಳು ಬುಡದಿಂದಲೇ ಗೋಡೆಯ ಕಲ್ಲುಗಳನ್ನು ಕೀಳತೊಡಗಿದರು. ಏನಾಗುತ್ತಿದೆ ಎಂದು ನೋಡಲು ಹೊರಗೆ ಬಾಗಿದ ಕೋಟೆಯ ಅಧಿಪತಿಯ ಹಣೆಯ ನಟ್ಟನಡುವೆ ಒಂದು ಗುಂಡು ಬಡಿಯಿತು. ಮರುದಿನ ರಾಯಚೂರು ಶರಣಾಯಿತು. ಆ ಒಂದು ಗುಂಡನ್ನು ಕೌಶಲವೆನ್ನಬೇಕೋ ವಿಧಿಯೆನ್ನಬೇಕೋ? ಕೋವಿಯ ಧರ್ಮವನ್ನು ಬಲ್ಲವರು ಎರಡನೆಯದಕ್ಕೇ ಹೆಚ್ಚು ಒಲಿಯುತ್ತಾರೆ. ಅಂದಿನ ಬತ್ತಿಕೋವಿಯ ನಳಿಗೆ ಒಳಗೆ ನುಣುಪಾಗಿತ್ತು. ಸೀಸದ ದುಂಡು ಗುಂಡು ನಳಿಗೆಗಿಂತ ತುಸು ಕಿರಿದಾಗಿರುತ್ತಿತ್ತು. ಇಲ್ಲದಿದ್ದರೆ ಮದ್ದಿನ ಮಸಿ ಕಟ್ಟಿದ ಮೇಲೆ ಅದು ಕೆಳಗಿಳಿಯುತ್ತಲೇ ಇರಲಿಲ್ಲ. ಆ ಸಡಿಲಿನಿಂದಾಗಿ ಗುಂಡು ನಳಿಗೆಯ ಎಡಬಲಗಳಿಗೆ ತಾಗುತ್ತ ಹೊರಡುತ್ತದೆ. ಬಾಯಿಯ ಬಳಿ ಕೊನೆಯದಾಗಿ ಯಾವ ಪಕ್ಕಕ್ಕೆ ತಾಗಿತೋ ಅದಕ್ಕೆ ತಕ್ಕ ಯದ್ವಾತದ್ವಾ ಭ್ರಮಣವೊಂದು ಅದಕ್ಕೆ ಅಂಟುತ್ತದೆ. ಗಾಳಿಯಲ್ಲಿ ಆ ಭ್ರಮಣವೇ ಗುಂಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಗಿಸುತ್ತದೆ. ಎಂಬತ್ತು ಗಜ, ಹೆಚ್ಚೆಂದರೆ ನೂರು ಗಜ. ಅದರಾಚೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವೆನೆನ್ನುವುದು ಜಂಬದ ಮಾತಷ್ಟೆ. ಫಿಗೇರೆದೊನ ಜನರು ಗೋಡೆಯ ಬುಡದವರೆಗೂ ಬಂದು ನಿಂತದ್ದರಿಂದಲೇ ಅವರ ಕೋವಿಗಳು ಸತ್ಯವಂತವಾದವು.

ಅದೇ ಕಾಲಕ್ಕೆ, ಸಪ್ತಸಾಗರಗಳಾಚೆಯ ಜರ್ಮನ್ ನಾಡಿನ ಕಮ್ಮಾರರು ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳನ್ನು ಕೊರೆಯುವ ವಿದ್ಯೆಯನ್ನು ಸಾಧಿಸುತ್ತಿದ್ದರು. ಗುಂಡು ಆ ಗೀರುಗಳನ್ನು ಹಿಡಿದು ಹೊರಬರುವಾಗ ತನ್ನ ಪಥದ ಅಕ್ಷದ ಮೇಲೆಯೇ ಬುಗುರಿಯಂತೆ ತಿರುಗುತ್ತದೆ, ತಿರುಗುವುದರಿಂದಲೇ ದಿಕ್ಕು ತಪ್ಪುವುದಿಲ್ಲ. ಆದರೆ ವರಕ್ಕೊಂದು ಶಾಪವೂ ಜೊತೆಗಿತ್ತು. ಗೀರು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು, ಬಿಗಿಯಾದ ಗುಂಡನ್ನು ಬಾಯಿಯಿಂದ ಬುಡದವರೆಗೆ ಸಲಾಕೆಯಿಂದ ಜಡಿಯಬೇಕು. ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ ಒಳಗಿಳಿಸುವ ಉಪಾಯ ಬಂದರೂ ಒಂದು ಈಡು ತುಂಬುವಷ್ಟರಲ್ಲಿ ನುಣುಪು ನಳಿಗೆಯವನು ಎರಡು ಮೂರು ಈಡು ಹಾರಿಸಿರುತ್ತಿದ್ದನು. ಆದ್ದರಿಂದ ಗೀರುಕೋವಿ ಬೇಟೆಗಾರನ ಕೈಯಲ್ಲಿ ಉಳಿಯಿತು, ಸಾಮ್ರಾಜ್ಯಗಳು ನುಣುಪು ನಳಿಗೆಯನ್ನೇ ನೆಚ್ಚಿದವು. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ವಿಜಯನಗರದ ಸೂರ್ಯ ಅಸ್ತಮಿಸಿದಾಗ ಗುರಿಯ ನಿಖರತೆ ಯಾರಿಗೂ ಬೇಕಿರಲಿಲ್ಲ. ಸುಲ್ತಾನರ ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಸಮೀಪದಿಂದ ಹಾರಿಸಲಾಯಿತೆಂದು ಫೆರಿಷ್ತನು ಬರೆಯುತ್ತಾನೆ. ದುಡ್ಡು ರಾಜ್ಯವನ್ನು ಕೊಂದದ್ದುಂಟು, ಇಷ್ಟು ಅಕ್ಷರಶಃ ಕೊಂದದ್ದು ಅಪರೂಪ.

ಆದರೂ ನುಣುಪು ನಳಿಗೆಯಿಂದ ಮನುಷ್ಯನು ಎಷ್ಟನ್ನು ಸಾಧಿಸಬಲ್ಲನು ಎಂಬುದಕ್ಕೆ ಸಾಕ್ಷಿ ಬೇಕಾದರೆ ಲಿಂಗಸುಗೂರಿನಿಂದ ಕೃಷ್ಣೆಯನ್ನು ದಾಟಿ ಸುರಪುರದ ಸೀಮೆಗೆ ಹೋಗಬೇಕು. ಅಲ್ಲಿಯ ಬೇಡ ನಾಯಕರ ಪಡೆಗಳ ಈಡುಗಾರಿಕೆ ದಖ್ಖನ್ನಿನಾದ್ಯಂತ ಪ್ರಸಿದ್ಧವಾಗಿತ್ತು. 1705ರ ಫೆಬ್ರವರಿಯಲ್ಲಿ, ಎಂಬತ್ತಾರರ ವೃದ್ಧ ಔರಂಗಜೇಬನು ತಾನೇ ಬಂದು ವಾಗಿಣಗೇರಿಯ ಕೋಟೆಯನ್ನು ಮುತ್ತಿದನು. ಹಿಂದೂಸ್ಥಾನದ ಸಾರ್ವಭೌಮನು ಪಿಡ್ಡನಾಯಕನೆಂಬ ಒಬ್ಬ ಪಾಳೆಯಗಾರನ ಮುಂದೆ ತಿಂಗಳುಗಟ್ಟಲೆ ಡೇರೆ ಹಾಕಿ ಕುಳಿತದ್ದನ್ನು ನೆನೆದರೆ ಎಡೆದೊರೆಯ ನೆರೆಹೊರೆಯವರಾದ ನಮ್ಮ ಎದೆ ಉಬ್ಬುವುದು ಸಹಜ. ಬೇಡರ ಬತ್ತಿಕೋವಿಗಳು ಬಂಡೆಗಳ ಮರೆಯಿಂದ ಮೊಗಲ ಸರದಾರರನ್ನು ಕಾಡಿದವು, ಗೆದ್ದುಕೊಂಡ ಗುಡ್ಡವನ್ನೂ ಬಿಟ್ಟಿಳಿಯುವಂತೆ ಮಾಡಿದವು. ಏಪ್ರಿಲ್ ಕೊನೆಯಲ್ಲಿ, ಮರಾಠರ ನೆರವಿನಿಂದ ನಾಯಕನು ರಾತ್ರೋರಾತ್ರಿ ಪಾರಾದನು. ಬಾದಶಹನಿಗೆ ದಕ್ಕಿದ್ದು ಬರಿದಾದ ಕೋಟೆ. ಅದೇ ಅವನ ಬಾಳಿನ ಕೊನೆಯ ದಂಡಯಾತ್ರೆಯಾಯಿತು. ಬೇಡರ ಯಶಸ್ಸಿನ ಗುಟ್ಟು ನಳಿಗೆಯಲ್ಲಿರಲಿಲ್ಲ, ನೆಲದ ಪರಿಚಯದಲ್ಲಿತ್ತು: ಗುಂಡು ನೇರ ಹಾರುವಷ್ಟು ಹತ್ತಿರಕ್ಕೆ ಶತ್ರುವನ್ನು ಬರಗೊಟ್ಟು, ಆಮೇಲೆ ಬತ್ತಿ ಮುಟ್ಟಿಸುವ ಧೈರ್ಯದಲ್ಲಿತ್ತು. ಕೋವಿಯ ಕುಂದನ್ನು ಬಂಡೆಗಳು ತುಂಬಿಕೊಟ್ಟವು. ಆ ಕುಂದೇ ಇಲ್ಲದ ಕೋವಿಯೊಂದು ಎದುರಾಳಿಯ ಕೈಗೆ ಬಂದ ದಿನ ಬಂಡೆಗಳ ಬೆಲೆ ಏನಾಗುವುದೆಂದು ಊಹಿಸುವ ಅಗತ್ಯ ಅಂದು ಯಾರಿಗೂ ಇರಲಿಲ್ಲ.

ಊಹಿಸಿದವನೊಬ್ಬನಿದ್ದನು, ಅವನ ಪ್ರಾಣ ಹೋದದ್ದು ನಮ್ಮ ದಕ್ಷಿಣದಲ್ಲೇ ಎಂಬುದು ವಿಧಿಯ ವಿಚಿತ್ರ. ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು 1742ರಲ್ಲಿ ತೋಪುವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಗ್ರಂಥ ರಚಿಸಿದನು. ಮಹಾಗಣಿತಜ್ಞ ಆಯ್ಲರನು ಅದನ್ನು ಜರ್ಮನ್ ಭಾಷೆಗೆ ತಂದನು. ನುಣುಪು ನಳಿಗೆಯ ಗುಂಡು ದಾರಿ ತಪ್ಪುವುದಕ್ಕೆ ಅದರ ಭ್ರಮಣವೇ ಕಾರಣವೆಂದು ಸಾಧಿಸಿ ತೋರಿಸಿದವನು ರಾಬಿನ್ಸನೇ. ಗೀರು ನಳಿಗೆಯ ಮರ್ಮವನ್ನು ಯಾವ ರಾಷ್ಟ್ರವು ಮೊದಲು ಅರಿತು ತನ್ನ ಸೇನೆಗೆ ತೊಡಿಸುವುದೋ ಅದು ಉಳಿದವರ ಮೇಲೆ ಅಪಾರ ಮೇಲುಗೈ ಪಡೆಯುವುದೆಂದೂ ಅವನು ಎಚ್ಚರಿಸಿದನು. ಕಂಪನಿ ಸರ್ಕಾರವು ಅವನನ್ನು ಕೋಟೆಗಳ ಶಿಲ್ಪಿಯನ್ನಾಗಿ ಇಲ್ಲಿಗೆ ಕಳುಹಿಸಿತು. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಅವನು ಜ್ವರದಿಂದ ತೀರಿಕೊಂಡನು. ಕರ್ಣಾಟಕ ಯುದ್ಧಗಳ ಕೋಲಾಹಲದ ಮಧ್ಯೆ ಆ ಎಚ್ಚರಿಕೆ ನಮ್ಮವರ ಕಿವಿಗೆ ಬೀಳಲಿಲ್ಲ. ಹೈದರನೂ ಟಿಪ್ಪುವೂ ಕಬ್ಬಿಣದ ಕೊಳವೆಯ ಅಗ್ನಿಬಾಣಗಳಿಂದ ಲೋಕವನ್ನೇ ಬೆರಗಾಗಿಸಿದರು. ಆದರೆ ಆ ಬಾಣಗಳು ದಿಕ್ಕಿಗಾಗಿ ನೆಚ್ಚಿದ್ದು ಬೆನ್ನಿಗೆ ಕಟ್ಟಿದ ಬಿದಿರಿನ ಕೋಲನ್ನು. ಆ ಕೋಲನ್ನು ಕಳಚಿ, ಭ್ರಮಣದಿಂದಲೇ ಅಗ್ನಿಬಾಣಕ್ಕೆ ಸ್ಥೈರ್ಯ ಕೊಡುವ ಉಪಾಯವನ್ನು ಇಂಗ್ಲೆಂಡಿನ ವಿಲಿಯಂ ಹೇಲ್ ಕಂಡದ್ದು 1844ರಲ್ಲಿ, ಶ್ರೀರಂಗಪಟ್ಟಣ ಬಿದ್ದು ನಲವತ್ತೈದು ವರ್ಷಗಳಾದ ಮೇಲೆ.

ಇಲ್ಲಿಂದ ತಿರುವಿನ ಲೆಕ್ಕವೇ ಇತಿಹಾಸವಾಗುತ್ತದೆ. 1800ರಲ್ಲಿ ಆಂಗ್ಲರು ಕೈಗೊಂಡ ಬೇಕರ್ ರೈಫಲ್ಲಿನ ಮೂವತ್ತು ಅಂಗುಲದ ನಳಿಗೆಯಲ್ಲಿ ಏಳು ಗೀರುಗಳಿದ್ದವು, ಅವು ಬಾಯಿ ಮುಟ್ಟುವಷ್ಟರಲ್ಲಿ ಕಾಲು ಸುತ್ತು ಮಾತ್ರ ತಿರುಗುತ್ತಿದ್ದವು: 120 ಅಂಗುಲಕ್ಕೆ ಒಂದು ಸುತ್ತು. ಅನಂತರ ಬಂದ ಬ್ರನ್ಸ್‌ವಿಕ್ ರೈಫಲ್ಲಿನಲ್ಲಿ ಎರಡೇ ಗೀರು, ಅಷ್ಟೇ ಉದ್ದದ ನಳಿಗೆಯಲ್ಲಿ ಪೂರ್ಣ ಒಂದು ಸುತ್ತು. ತಿರುವು ಹೆಚ್ಚಿದಷ್ಟೂ ಗುರಿ ಹೆಚ್ಚುವುದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ, ಆದರೆ ಬ್ರನ್ಸ್‌ವಿಕ್ ಅಪಕೀರ್ತಿಗೆ ಗುರಿಯಾಯಿತು. ಪಟ್ಟಿ ಕಟ್ಟಿದ ಅದರ ಗುಂಡು ಮಸಿ ಹಿಡಿದ ನಳಿಗೆಯೊಳಗೆ ಇಳಿಯಲೊಲ್ಲದು. ದುಂಡು ಗುಂಡಿಗೆ ಅಲ್ಪ ಭ್ರಮಣವೇ ಸಾಕು. ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ, ಮಗುಚಿ ಬೀಳುವ ಭಯವೂ ಇಲ್ಲ. ತಿರುವು ಬಿರುಸಾದರೆ, ಮದ್ದು ಹೆಚ್ಚಿಸಿದ ಕೂಡಲೇ ಮೆತ್ತನೆಯ ಸೀಸ ಗೀರುಗಳನ್ನು ಹಿಡಿಯದೆ ಹಾದು ಹೋಗುತ್ತದೆ. ಇದನ್ನು ಕಂಡು ಬರೆದವನು ನಮ್ಮ ಮಧ್ಯಪ್ರಾಂತದ ಕಾಡುಗಳಲ್ಲಿ ಅಲೆದ ಬಂಗಾಳ ಸೇನೆಯ ಅಧಿಕಾರಿ ಜೇಮ್ಸ್ ಫಾರ್ಸಿತ್. ಹುಲಿ, ಕಾಡುಕೋಣಗಳಿಗೆ ಬೇಕಾದ ಭಾರೀ ಮದ್ದಿಗೆ ನಿಧಾನ ತಿರುವೇ ಯೋಗ್ಯವೆಂದು 1860ರ ದಶಕದ ಆರಂಭದಲ್ಲಿ ಅವನು ವಾದಿಸಿದನು. ಒಂದು ಪೌಂಡ್ ಸೀಸದಿಂದ ಹದಿನಾಲ್ಕು ಗುಂಡು ಎರೆಯುವಷ್ಟು ದಪ್ಪದ ನಳಿಗೆಗೆ ಅವನು ವಿಧಿಸಿದ್ದು 104 ಅಂಗುಲಕ್ಕೆ ಒಂದು ಸುತ್ತು. 1879ರಲ್ಲಿ ವೂಲಿಚ್ಚಿನ ಪ್ರಾಧ್ಯಾಪಕ ಗ್ರೀನ್‌ಹಿಲ್ ತನ್ನ ಸೂತ್ರವನ್ನು ಪ್ರಕಟಿಸಿದನು: ಗುಂಡಿನ ವ್ಯಾಸದ ವರ್ಗವನ್ನು ಅದರ ಉದ್ದದಿಂದ ಭಾಗಿಸಿ 150ರಿಂದ ಗುಣಿಸಿದರೆ ತಿರುವಿನ ಅಳತೆ ದೊರೆಯುತ್ತದೆ. ಫಾರ್ಸಿತನ 0.693 ಅಂಗುಲದ ದುಂಡು ಗುಂಡಿಗೆ ಆ ಸೂತ್ರವನ್ನು ಹಚ್ಚಿದರೆ ಬರುವುದು ಅದೇ 104. ಅರಣ್ಯದ ಅನುಭವವೂ ಗಣಿತದ ಲೇಖನಿಯೂ ಇಷ್ಟು ಚೆನ್ನಾಗಿ ಒಂದಾದದ್ದನ್ನು ನೋಡಿದರೆ ಶತ್ರುವಿನ ವಿದ್ಯೆಯನ್ನೂ ಮೆಚ್ಚದಿರಲಾಗದು.

ಸೇನೆಗಳ ಭಾಗ್ಯವನ್ನು ತಿರುಗಿಸಿದ್ದು ಮಾತ್ರ ಉದ್ದ ಗುಂಡು. ಅದರ ಬೀಜವೂ ದಕ್ಷಿಣ ಭಾರತದಲ್ಲಿ ಬಿದ್ದಿತೆಂಬ ಪ್ರತೀತಿ ಇದೆ. ಇಲ್ಲಿದ್ದ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬವನು ನಮ್ಮ ಜನರ ಊದುಗೊಳವೆಯ ಬಾಣದ ಬುಡದಲ್ಲಿ ತಾವರೆಯ ಬೆಂಡು ಕಟ್ಟಿರುವುದನ್ನು ಗಮನಿಸಿದನಂತೆ. ಊದಿದಾಗ ಆ ಬೆಂಡು ಉಬ್ಬಿ ಕೊಳವೆಯನ್ನು ಬಿಗಿಯಾಗಿ ತುಂಬುತ್ತಿತ್ತು. ಬುಡದಲ್ಲಿ ಟೊಳ್ಳಿರುವ ಸೀಸದ ಗುಂಡನ್ನು ಮಾಡಿದರೆ ಮದ್ದಿನ ಹೊಗೆಯೇ ಅದನ್ನು ಉಬ್ಬಿಸಿ ಗೀರಿಗೆ ಒತ್ತಬಹುದೆಂದು ಅವನಿಗೆ ಹೊಳೆಯಿತು. ಅವನ ಮಾತನ್ನು ಅವನ ಸರ್ಕಾರ ಕೇಳಲಿಲ್ಲ. 1849ರಲ್ಲಿ ಫ್ರಾನ್ಸಿನ ಮಿನಿಯೆ ಅದೇ ತತ್ತ್ವದ ಗುಂಡಿನಿಂದ ಹೆಸರು ಗಳಿಸಿದ ಮೇಲೆ ಆಂಗ್ಲರು ಎಚ್ಚೆತ್ತರು. ಹಾಗೆ ಹುಟ್ಟಿದ್ದು 1853ರ ಎನ್‌ಫೀಲ್ಡ್: 0.577 ಅಂಗುಲದ ಬಾಯಿ, 39 ಅಂಗುಲದ ನಳಿಗೆ, ಮೂರು ಗೀರು, 78 ಅಂಗುಲಕ್ಕೆ ಒಂದು ಸುತ್ತು. ಅಂದರೆ ನಳಿಗೆಯೊಳಗೆ ನಿಖರವಾಗಿ ಅರ್ಧ ಸುತ್ತು. ಸೆಕೆಂಡಿಗೆ ಸುಮಾರು 900 ಅಡಿ ವೇಗದಲ್ಲಿ ಹೊರಡುವ ಗುಂಡು ಆ ಅರ್ಧ ಸುತ್ತಿನ ಕೃಪೆಯಿಂದ ಸೆಕೆಂಡಿಗೆ ಸುಮಾರು 140 ಸಲ ತಿರುಗುತ್ತಿತ್ತು. ಅದು ನುಣುಪು ನಳಿಗೆಯ ಗುಂಡಿನಷ್ಟು ಸಡಿಲವಾಗಿರದಿದ್ದರೂ ಅಷ್ಟೇ ಸಲೀಸಾಗಿ ಒಳಗಿಳಿಯುತ್ತಿತ್ತು, ಹೊರಗೆ ಹೋಗುವಾಗ ಗೀರುಗಳನ್ನು ಬಿಡದೆ ಹಿಡಿಯುತ್ತಿತ್ತು. ಗ್ರೀನ್‌ಹಿಲ್ಲನ ಸೂತ್ರದಂತೆ ಅಷ್ಟುದ್ದದ ಗುಂಡಿಗೆ 46ರ ಆಸುಪಾಸಿನ ತಿರುವು ಬೇಕಾಗುತ್ತದೆ. ಬುಡ ಟೊಳ್ಳಾಗಿ ಭಾರವೆಲ್ಲ ಮೂತಿಯ ಕಡೆ ಸರಿದಿರುವುದರಿಂದ ಎನ್‌ಫೀಲ್ಡ್ 78ರಲ್ಲೂ ನಿಭಾಯಿಸಿತು. ಮುಂದೆ ಬಂದ ಗಿಡ್ಡ ರೈಫಲ್ಲುಗಳಿಗೆ ಐದು ಗೀರು, 48 ಅಂಗುಲಕ್ಕೆ ಒಂದು ಸುತ್ತು ಕೊಟ್ಟಾಗ ಗುರಿ ಇನ್ನಷ್ಟು ಬಿಗಿಯಾಯಿತು. ಜೋಸೆಫ್ ವಿಟ್‌ವರ್ತನೆಂಬ ಯಂತ್ರಶಿಲ್ಪಿಯು 0.451 ಅಂಗುಲದ ಷಟ್ಕೋನ ನಳಿಗೆಗೆ 20 ಅಂಗುಲಕ್ಕೆ ಒಂದು ಸುತ್ತು ಕೊಟ್ಟು, ವ್ಯಾಸದ ಮೂರು ಪಟ್ಟು ಉದ್ದದ ಗುಂಡನ್ನು ಹಾರಿಸಿ, 1857ರ ಪರೀಕ್ಷೆಯಲ್ಲಿ ಎನ್‌ಫೀಲ್ಡನ್ನು ಬಹುದೂರ ಹಿಂದಿಕ್ಕಿದನು. 1860ರಲ್ಲಿ ವಿಕ್ಟೋರಿಯಾ ರಾಣಿಯೇ ವಿಂಬಲ್ಡನ್ನಿನಲ್ಲಿ ವಿಟ್‌ವರ್ತನ ಕೋವಿಯ ಹಗ್ಗ ಎಳೆದು 400 ಗಜದಾಚೆಯ ಗುರಿಯ ನಡುವಿಗೆ ಹೊಡೆದಳು. ಕೋವಿಯನ್ನು ಮೊದಲೇ ಪೀಠಕ್ಕೆ ಬಿಗಿದು ಗುರಿ ಹಿಡಿಸಿಟ್ಟಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎನ್‌ಫೀಲ್ಡಿನ ದೃಷ್ಟಿಪಟ್ಟಿಯಲ್ಲಿ 900 ಗಜದವರೆಗೆ ಅಳತೆ ಕೊರೆದಿತ್ತು. ಬೇಡರ ಬಂಡೆಗಳ ನಿಯಮವನ್ನು ಈ ಅಂಕಿ ತೊಡೆದುಹಾಕಿತು. ಆದರೆ ಅದೇ ಗೀರು ತನ್ನ ಒಡೆಯನ ಮನೆಗೂ ಕಿಚ್ಚು ಹಚ್ಚಿತು. ಗೀರುಗಳಲ್ಲಿ ಮಸಿ ಕಟ್ಟಬಾರದೆಂದರೆ ಜಿಡ್ಡು ಬೇಕು, ಆದ್ದರಿಂದ ಕಾಡತೂಸಿನ ಗುಂಡಿನ ತುದಿಯನ್ನು ಕೊಬ್ಬು ಮತ್ತು ಮೇಣದ ಪಾಕದಲ್ಲಿ ಅದ್ದುತ್ತಿದ್ದರು. ಸಿಪಾಯಿಯು ಕಾಗದವನ್ನು ಹಲ್ಲಿನಿಂದ ಹರಿದು ಮದ್ದು ಸುರಿಯಬೇಕು. 1857ರ ಆರಂಭದಲ್ಲಿ ದಮ್‌ದಮ್, ಅಂಬಾಲಾ, ಸಿಯಾಲಕೋಟೆಗಳಲ್ಲಿ ಹೊಸ ಕೋವಿಯ ಶಿಕ್ಷಣ ತೊಡಗುತ್ತಲೇ ಆ ಕೊಬ್ಬು ದನದ್ದೋ ಹಂದಿಯದ್ದೋ ಎಂಬ ಪ್ರಶ್ನೆ ಎದ್ದಿತು, ಮೇ 10ಕ್ಕೆ ಮೀರತ್ ಉರಿಯಿತು. ಸಂಗ್ರಾಮಕ್ಕೆ ನೂರು ಕಾರಣಗಳಿದ್ದವು, ಬಲ್ಲೆ. ಆದರೆ ನುಣುಪು ನಳಿಗೆಗೆ ಬೇಕಿಲ್ಲದ ಜಿಡ್ಡು ಸುರುಳಿ ನಳಿಗೆಗೆ ಬೇಕಾಯಿತು. ಸಾಮ್ರಾಜ್ಯವನ್ನು ನಡುಗಿಸಿದ ಕಿಡಿ ಹಾರಿದ್ದು ಆ ಅರ್ಧ ಸುತ್ತಿನಿಂದಲೇ.

ಕಿಚ್ಚು ಕನ್ನಡ ನಾಡಿಗೆ ಬೇರೊಂದು ಬಾಗಿಲಿನಿಂದ ಬಂದಿತು. ಆ ವರ್ಷವೇ ಕಂಪನಿ ಸರ್ಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ಕೋವಿ ಕೊಡುವುದೆಂದರೆ ಕುಲದ ಮಾನವನ್ನೇ ಕೊಟ್ಟಂತೆ ಎಂದು ಬಗೆದು ತಿರುಗಿ ನಿಂತರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಸಿಕ್ಕ ವೀರರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಹಾಡಿ ಉಳಿಸಿದ ಆ ಕಥೆಯನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸುರಪುರದ ಸರದಿ ಬಂದಿತು. ಆಂಗ್ಲ ಅಧಿಕಾರಿ ಮೆಡೋಸ್ ಟೇಲರನ ಕಣ್ಣೆದುರು ಬೆಳೆದ ತರುಣ ಅರಸು ರಾಜಾ ವೆಂಕಟಪ್ಪ ನಾಯಕನು ಸ್ವಾತಂತ್ರ್ಯದ ಕಡೆ ವಾಲಿದ್ದನು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡುಪಾಳೆಯದಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್ ಹೈದರಾಬಾದ್ ಕಂಟಿಂಜೆಂಟಿನ ಪಡೆಯೊಡನೆ ಸುರಪುರಕ್ಕೆ ಹೋದನು. ಬೇಡರು ರಾತ್ರಿಯ ಕತ್ತಲಲ್ಲಿ ಅವನ ಪಾಳೆಯದ ಮೇಲೆ ಬಿದ್ದರು. ಮರುದಿನದ ಹೋರಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಔರಂಗಜೇಬನನ್ನು ತಡೆದ ಬಂಡೆಗಳೇ ಅವು, ಅವೇ ಕುಲದ ಈಡುಗಾರರು. ಆದರೆ ಪಶ್ಚಿಮದಿಂದ ಅದೇ ಮಾಲ್ಕಮ್ ದಂಡೆತ್ತಿ ಬರುತ್ತಿದ್ದನು. ಅರಸನು ಹೈದರಾಬಾದಿಗೆ ಹೋಗಿ ಸೆರೆಸಿಕ್ಕನು. ಅವನ ಶಿಕ್ಷೆಯನ್ನು ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಸಿ ಚೆಂಗಲ್ಪಟ್ಟಿಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಪಿಸ್ತೂಲಿನ ಗುಂಡಿನಿಂದ ಅವನು ಅಸುನೀಗಿದನು. ವಾಗಿಣಗೇರಿಯಿಂದ ಹಿಡಿದು ಒಂದೂವರೆ ಶತಮಾನ ತಲೆಯೆತ್ತಿ ನಿಂತ ಸಂಸ್ಥಾನ ಅಳಿಯಿತು.

ಗೆದ್ದವರು ಪಾಠ ಕಲಿತರು, ಅವರು ಕಲಿತ ಪಾಠ ವಿಚಿತ್ರವಾದದ್ದು. ಕೊಡವರು ಕೈಲ್‌ಪೊಳ್ದು ಹಬ್ಬದಲ್ಲಿ ಪೂಜಿಸುವ ಕೋವಿಗಳನ್ನು 1861ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟು ಉಳಿಸಿದರು, ಎಡೆದೊರೆಗೂ ಸುರಪುರಕ್ಕೂ ಅಂಥ ಭಾಗ್ಯ ಒದಗಲಿಲ್ಲ. ತಮ್ಮದೇ ಸೇನೆಯ ಭಾರತೀಯ ಸಿಪಾಯಿಯ ಕೈಗೆ ಮತ್ತೆ ಎನ್‌ಫೀಲ್ಡ್ ಕೊಡಬೇಕೆ ಎಂಬ ಪ್ರಶ್ನೆ ಬಂದಾಗ, ಹೊರನೋಟಕ್ಕೆ ಎನ್‌ಫೀಲ್ಡೇ ಆಗಿದ್ದು ಒಳಗೆ ಎನ್‌ಫೀಲ್ಡ್ ಅಲ್ಲದ ಕೋವಿಯೊಂದನ್ನು 1858ರ ಮಾದರಿಯೆಂದು ಸಿದ್ಧಪಡಿಸಿದರು. 0.577 ಅಂಗುಲದ ನಳಿಗೆಯನ್ನು 0.656ಕ್ಕೆ ಹಿರಿದಾಗಿ ಕೊರೆದು ಮೂರು ಗೀರುಗಳನ್ನೂ ಅಳಿಸಿದರು. 900 ಗಜದ ದೃಷ್ಟಿಪಟ್ಟಿಯನ್ನು ಕಿತ್ತು ಅದರ ಜಾಗದಲ್ಲಿ ಅಲುಗಾಡದ ಒಂದು ತುಂಡನ್ನು ಕೂರಿಸಿದರು. ಹಾಗೆ ಕೊರೆದ ನಳಿಗೆಯ ಗೋಡೆ ತೀರಾ ತೆಳುವಾಯಿತೆಂದು 1859ರಲ್ಲಿ ದಪ್ಪ ಗೋಡೆಯ ನುಣುಪು ನಳಿಗೆಯನ್ನೇ ಹೊಸದಾಗಿ ಮಾಡಿಸಿದರು. ಗೋರಾ ಸೈನಿಕನ ಕೋವಿಯಲ್ಲಿ ಅರ್ಧ ಸುತ್ತು ಉಳಿಯಿತು. ಸಿಪಾಯಿಯ ಕೋವಿ, ರಾಬಿನ್ಸನ ಎಚ್ಚರಿಕೆಗೆ ನೂರು ವರ್ಷ ತುಂಬಿದ ಮೇಲೆ, ಫಿಗೇರೆದೊನ ಜನರು ರಾಯಚೂರಿನ ಗೋಡೆಯ ಬುಡಕ್ಕೆ ತಂದ ಕೋವಿಯ ಗುರಿಗೇ ಹಿಂದಿರುಗಿತು: ಎಂಬತ್ತು ಗಜ, ಹೆಚ್ಚೆಂದರೆ ನೂರು.